ನಳ ಬಂದ ದಿನ ಕದ ಹಾಕಿಕೊಂಡು ಕೂರಬೇಡಿ

ಸಿಂಧನೂರಿನ ಓದುಗರೊಬ್ಬರು ಹತ್ತು ದಿನದ ವಿಪಶ್ಯನಾ ಶಿಬಿರ (ಮೌನವಾಗಿದ್ದು ಉಸಿರನ್ನೂ ಮೈಯ ಅನುಭವಗಳನ್ನೂ ಗಮನಿಸುವ ಬೌದ್ಧ ಧ್ಯಾನ) ಮುಗಿಸಿ ಬಂದು ಆರು ತಿಂಗಳಾಗಿದೆ. ದಿನಾ ಬೆಳಿಗ್ಗೆ ಐದರಿಂದ ಆರರವರೆಗೆ ಕೋಣೆಯ ಕದ ಹಾಕಿಕೊಂಡು ಧ್ಯಾನಕ್ಕೆ ಕೂರುತ್ತಾರೆ. ಮನೆಯ ಸದ್ದಿಗೆ ಸಿಟ್ಟು ಬಂದು ಹೆಂಡತಿಯ ಮೇಲೆ ರೇಗುತ್ತಾರೆ, ಆಮೇಲೆ ನಾಚಿಕೆಪಡುತ್ತಾರೆ. ‘ಸಂಸಾರಸ್ಥರಿಗೆ ಇದು ಆಗದ ಮಾತು, ಮನೆ ಬಿಟ್ಟು ಹೋಗು’ ಎಂದು ಗೆಳೆಯ ಹೇಳುತ್ತಿದ್ದಾನಂತೆ.

ಸೋದರರೇ, ಪತ್ರದ ಕೊನೆಗೆ ನೀವು ಅರ್ಧ ಸಾಲು ಬರೆದಿದ್ದೀರಿ: ‘ಐದು ದಿನಕ್ಕೊಮ್ಮೆ ಐದೂವರೆಗೆ ನಳ ಬರುತ್ತೆ, ಆವತ್ತು ಕೊಡದ ಸದ್ದು ಜಾಸ್ತಿ.’ ಕೊಡ ತಾನಾಗಿ ಸದ್ದು ಮಾಡುವುದಿಲ್ಲ. ಇಡೀ ಮನೆಗೆ ಐದು ದಿನ ಸಾಲುವಷ್ಟು ನೀರನ್ನು ನಿಮ್ಮ ಮನೆಯವರು ಒಬ್ಬರೇ ಹೊರುತ್ತಿದ್ದಾರೆ. ನೀವು ಕದದ ಹಿಂದೆ ಕೂತು ಉಸಿರು ನೋಡುತ್ತಿದ್ದೀರಿ.

ಶಿಬಿರದಲ್ಲಿ ಅಡುಗೆ ಮಾಡುವವರು, ಗಂಟೆ ಬಾರಿಸುವವರು ಬೇರೆ ಇದ್ದರು. ಆ ಮೌನವನ್ನೇ ಸಾಧನೆ ಅಂದುಕೊಂಡು ಮನೆಗೆ ತಂದಿದ್ದೀರಿ. ಎಚ್ಚರದ ಬಗ್ಗೆ ಬುದ್ಧ ಹೇಳಿದ ಸತಿಪಟ್ಠಾನ ಸುತ್ತ ಎಂಬ ಉಪದೇಶದಲ್ಲಿ ಉಸಿರಿನ ಮಾತು ಮೊದಲು ಬರುತ್ತದೆ ನಿಜ, ಆದರೆ ಅಲ್ಲಿಗೇ ಮುಗಿಯುವುದಿಲ್ಲ. ನಡೆಯುವಾಗ, ಬಾಗುವಾಗ, ಉಣ್ಣುವಾಗ, ಮಾತಾಡುವಾಗ, ಶೌಚಕ್ಕೆ ಹೋದಾಗಲೂ ಎಚ್ಚರವಿರಲಿ ಎನ್ನುತ್ತದೆ ಅದು. ಸಿಗಾಲನೆಂಬ ಗೃಹಸ್ಥನಿಗೆ ಬುದ್ಧ ಹೇಳಿದ ಗಂಡನ ಐದು ಕರ್ತವ್ಯಗಳಲ್ಲಿ ಹೆಂಡತಿಯನ್ನು ಗೌರವಿಸುವುದೇ ಮೊದಲನೆಯದು, ಹೀಗಳೆಯದಿರುವುದು ಎರಡನೆಯದು.

ನಿಮ್ಮ ಗೆಳೆಯನ ಮೇಲೆ ನನಗೆ ನಿಜಕ್ಕೂ ಸಿಟ್ಟಿದೆ. ನಿಮ್ಮೂರಿಗೆ ಹತ್ತಿರದ ಮಸ್ಕಿಯಲ್ಲಿ 1915ರಲ್ಲಿ ಸಿಕ್ಕ ಶಾಸನದಲ್ಲಿ ಅಶೋಕ ಬರೆಸಿದ್ದೇನು? ಧರ್ಮದಲ್ಲಿ ತೊಡಗಿದರೆ ಸಣ್ಣವರಿಗೂ ಅದರ ಫಲ ದಕ್ಕುತ್ತದೆ, ದೊಡ್ಡವರಿಗೆ ಮಾತ್ರ ಅಂದುಕೊಳ್ಳಬೇಡಿ ಎಂದು. ಬರೆಸಿದವನು ರಾಜ್ಯ ಆಳುತ್ತಲೇ ಉಪಾಸಕನಾಗಿದ್ದವನು (ಸನ್ಯಾಸಿಯಾಗದೆ ಬುದ್ಧನನ್ನು ಅನುಸರಿಸುವವನು), ಮನೆ ಬಿಟ್ಟು ಹೋದವನಲ್ಲ. ಗೆಳೆಯನನ್ನು ಒಮ್ಮೆ ಆ ಬಂಡೆಯ ಮುಂದೆ ನಿಲ್ಲಿಸಿ.

ನಳ ಬರುವ ದಿನ ಐದಕ್ಕೆ ಎದ್ದು ಇಪ್ಪತ್ತು ನಿಮಿಷ ಮಾತ್ರ ಕೂತು, ಎದ್ದುಬಿಡಿ. ನಳದ ಕೆಳಗೆ ಕೊಡ ಇಟ್ಟು ಕಿವಿಗೊಡಿ. ತುಂಬುತ್ತಾ ಬಂದಂತೆ ನೀರಿನ ಸದ್ದಿನ ಸ್ವರ ಏರುತ್ತಾ ಹೋಗುತ್ತದೆ. ಎತ್ತುವ ಕ್ಷಣದಲ್ಲಿ ಉಸಿರು ಕಟ್ಟುತ್ತದೆ. ಕಟ್ಟಿದ್ದು ತಿಳಿಯಲಿ, ಬಿಟ್ಟಿದ್ದೂ ತಿಳಿಯಲಿ. ಹಂಡೆಯ ತನಕ ಗಮನವೆಲ್ಲ ಅಂಗಾಲಿನಲ್ಲಿರಲಿ. ಮೂರನೇ ಕೊಡದ ಹೊತ್ತಿಗೆ ಮನಸ್ಸು ಆಫೀಸಿಗೆ ಹೋಗಿರುತ್ತದೆ. ಬೈಯದೆ ಅಂಗಾಲಿಗೆ ಕರೆತನ್ನಿ. ಧ್ಯಾನ ಅಂತ ಬೇಕೆಂದೇ ನಿಧಾನ ನಡೆಯಬೇಡಿ, ನೀರು ನಿಂತುಹೋಗುತ್ತದೆ.

ಸಿಟ್ಟು ಮಾತಾಗುವ ಮೊದಲು ದವಡೆಯಲ್ಲಿ, ಎದೆಯಲ್ಲಿ ಬಿಗಿಯಾಗಿ ಕಾಣಿಸಿಕೊಳ್ಳುತ್ತದೆ. ಸದ್ದು ಕಿವಿಗೆ ಬೀಳುತ್ತದೆ, ಹಿತವಲ್ಲದ ವೇದನೆ, ಅಂದರೆ ಅನುಭವ, ಏಳುತ್ತದೆ, ಅದರ ಬೆನ್ನಿಗೇ ದ್ವೇಷ. ವೇದನೆಯನ್ನು ವೇದನೆಯೆಂದು ಅಲ್ಲೇ ಗುರುತಿಸಿದರೆ ದ್ವೇಷಕ್ಕೆ ಹಿಡಿತ ಸಿಗುವುದಿಲ್ಲ. ಬಿಗಿ ಕಂಡಾಗ ಮೂರು ಉಸಿರು ಬಾಯಿ ತೆರೆಯಬೇಡಿ. ಶಿಬಿರದಲ್ಲಿ ನೋಡಿದ್ದು ಇದನ್ನೇ.

ಉಳಿದ ನಾಲ್ಕು ದಿನ ಒಂದು ತಾಸು ಕೂರಿ. ಕದ ಮಾತ್ರ ತೆರೆದಿರಲಿ.