ಒಂದು ಮಾತೂ ಇಲ್ಲದ ಮೊದಲ ಪಾತ್ರ: ಲೀ ವ್ಯಾನ್ ಕ್ಲೀಫ್

1952ರ ಹಾಲಿವುಡ್ ಕೌಬಾಯ್ ಚಿತ್ರ ‘ಹೈ ನೂನ್’ನಲ್ಲಿ ಅಮೆರಿಕದ ನಟ ಲೀ ವ್ಯಾನ್ ಕ್ಲೀಫ್ ಒಂದು ಮಾತನ್ನೂ ಆಡದಿರುವುದೇಕೆ, ಅನಂತರ 1965ರಲ್ಲಿ ದೊಡ್ಡ ಪಾತ್ರ ಸಿಗುವವರೆಗೆ ಅವರು ಎಲ್ಲಿದ್ದರು ಎಂಬ ಪ್ರಶ್ನೆಗೆ ಇಲ್ಲಿದೆ ಉತ್ತರ. ನಿರ್ಮಾಪಕ ಸ್ಟ್ಯಾನ್ಲಿ ಕ್ರೇಮರ್ ಮೊದಲು ವ್ಯಾನ್ ಕ್ಲೀಫ್‌ರನ್ನು ಮಾರ್ಷಲನ (ಊರಿನ ಕಾನೂನು ಪಾಲಕನ) ಸಹಾಯಕನ ಪಾತ್ರಕ್ಕೆ ಯೋಚಿಸಿದ್ದರು. ಆದರೆ ಗಿಡುಗನ ಕೊಕ್ಕಿನಂಥ ತಮ್ಮ ಮೂಗನ್ನು ಶಸ್ತ್ರಚಿಕಿತ್ಸೆಯಿಂದ ತಿದ್ದಿಸಿಕೊಳ್ಳಲು ವ್ಯಾನ್ ಕ್ಲೀಫ್ ಒಪ್ಪದಿದ್ದುದರಿಂದ, ಮಾತಿಲ್ಲದ ಖಳನ ಪಾತ್ರ ಅವರ ಪಾಲಿಗೆ ಬಂತು. ಆದರೂ ಚಿತ್ರ ತೆರೆದುಕೊಳ್ಳುವುದೇ ಅವರ ಮೇಲೆ: ಮರದ ಬಳಿ ಒಬ್ಬನೇ ಕುಳಿತು ಸಿಗರೇಟು ಸೇದುತ್ತಾ ಜೊತೆಗಾರರಿಗಾಗಿ ಕಾಯುವ ಆ ಮುಖವನ್ನು ಒಮ್ಮೆ ನೋಡಿದವರು ಮರೆಯುವುದಿಲ್ಲ.

ಅನಂತರದ ವರ್ಷಗಳಲ್ಲೂ ಅವರು ಪೂರ್ತಿ ಮರೆಯಾಗಿರಲಿಲ್ಲ. 1958ರ ಕಾರು ಅಪಘಾತದಲ್ಲಿ ಮೊಣಕಾಲಿಗೆ ತೀವ್ರ ಪೆಟ್ಟಾಗಿ ಕುದುರೆ ಏರುವುದೇ ಕಷ್ಟವಾಯಿತು. ಅವಕಾಶಗಳು ಕ್ಷೀಣಿಸಿದಾಗ ಅವರು ಚಿತ್ರಕಲೆಯತ್ತ ತಿರುಗಿದರು. ಆದರೂ 1962ರಲ್ಲಿ ಜಾನ್ ಫೋರ್ಡರ ‘ದಿ ಮ್ಯಾನ್ ಹೂ ಶಾಟ್ ಲಿಬರ್ಟಿ ವ್ಯಾಲೆನ್ಸ್’ನಲ್ಲಿ ಖಳನ ಪಾತ್ರ ಮಾಡಿದ ಲೀ ಮಾರ್ವಿನ್‌ರ ಬೆಂಬಲಿಗನಾಗಿ ಕಾಣಿಸಿಕೊಂಡಿದ್ದಾರೆ. ಇಟಲಿಯ ನಿರ್ದೇಶಕ ಸೆರ್ಜಿಯೋ ಲಿಯೋನೆ 1965ರಲ್ಲಿ ‘ಫಾರ್ ಎ ಫ್ಯೂ ಡಾಲರ್ಸ್ ಮೋರ್’ ಚಿತ್ರದ ಕರ್ನಲ್ ಮಾರ್ಟಿಮರ್ ಪಾತ್ರ ಕೊಟ್ಟಾಗ ವ್ಯಾನ್ ಕ್ಲೀಫ್‌ಗೆ ನಲವತ್ತು ವರ್ಷ. ಹಾಲಿವುಡ್ ತಿದ್ದಬೇಕೆಂದ ಮುಖವನ್ನೇ ಲಿಯೋನೆ ತೆರೆಯ ತುಂಬಾ ಸಮೀಪದಿಂದ ತೋರಿಸಿದರು. ನನಗೆ ಅದೇ ಈ ನಟನ ಬದುಕಿನ ಅತ್ಯಂತ ಸಂತೋಷದ ತಿರುವು.