ಮಂಡಿ ಆಪರೇಷನ್‌ಗೆ ಮೊದಲು ಅಮ್ಮನನ್ನು ಮಲಗಿಸಿಡಬೇಡಿ

ಕುರ್ಚಿಯಿಂದ ಏಳುವಾಗ ನಿಮ್ಮ ತಾಯಿಯ ಕಾಲು ಕುಸಿಯುವುದಕ್ಕೆ ಮಂಡಿ ಸವೆತದ ಜೊತೆಗೆ ತೊಡೆಯ ಮುಂಭಾಗದ ಸ್ನಾಯು ಸೊರಗಿರುವುದೂ ಕಾರಣವಿರಬಹುದು. ನೋವಿಗೆ ಹೆದರಿ ನಡೆಯುವುದು ಬಿಟ್ಟರೆ ಅದು ಬೇಗ ಕರಗುತ್ತದೆ. ಮುಂದಿನ ತಿಂಗಳ ಮಂಡಿ ಬದಲಿ ಆಪರೇಷನ್‌ವರೆಗೆ ವಿಶ್ರಾಂತಿಯೇ ಸಾಕೇ ಎಂದು ಕೇಳಿದ್ದೀರಿ, ಸಾಲದು. ನಮ್ಮ ಅತ್ತೆಗೆ ಫಿಸಿಯೋ ಹೇಳಿಕೊಟ್ಟು ಮಾಡಿಸಿದ್ದನ್ನು ಬರೆಯುತ್ತೇನೆ. ಶುರು ಮಾಡುವ ಮುಂಚೆ ಸರ್ಜನ್ ಹತ್ತಿರ ಕೇಳಿ, ಹೃದಯದ ತೊಂದರೆ ಇದ್ದರಂತೂ ಕೇಳಲೇಬೇಕು.

ಮೊದಲು ಹಾಸಿಗೆ ಮೇಲೆ ಕಾಲು ಚಾಚಿಸಿ, ಹಿಮ್ಮಡಿ ಕೆಳಗೆ ಸುತ್ತಿದ ಟವೆಲ್ ಇಡಿ. ಮಂಡಿಯನ್ನು ಕೆಳಕ್ಕೆ ಒತ್ತಿ 5 ಸೆಕೆಂಡ್ ಹಿಡಿದು ಬಿಡಲಿ, 10 ಸಲ. ಮಂಡಿಚಿಪ್ಪಿನ ಮೇಲೆ ಮೆಲ್ಲಗೆ ಬೆರಳಿಟ್ಟು ನೋಡಿ: ಸ್ನಾಯು ಬಿಗಿಯಾಗಿ ಚಿಪ್ಪು ತೊಡೆಯ ಕಡೆ ಜರುಗಿದರೆ ಸರಿಯಾಗಿ ಮಾಡುತ್ತಿದ್ದಾರೆ. ಇದು ಸಲೀಸಾದ ಮೇಲೆ, ಇನ್ನೊಂದು ಕಾಲು ಮಡಚಿಕೊಂಡು ಈ ಕಾಲನ್ನು ನೆಟ್ಟಗೆ ಎತ್ತುವುದು. ಆಮೇಲೆ ಕೈಯಿರುವ ಕುರ್ಚಿಗೆ ದಪ್ಪ ದಿಂಬು ಹಾಕಿ ಎದ್ದು ಕೂರುವ ಅಭ್ಯಾಸ.

ಮಂಡಿ ಕೆಳಗೆ ದಿಂಬಿಟ್ಟು ಮಲಗುವುದನ್ನು ದಯವಿಟ್ಟು ಬಿಡಿಸಿ. ಹಾಯೆನಿಸುತ್ತದೆ ನಿಜ, ಆದರೆ ಕಾಲು ಬಾಗಿದಂತೆಯೇ ಬಿಗಿದುಕೊಳ್ಳುತ್ತದೆ.

ವಾಕರ್ ಈಗಲೇ ತಂದು ನಡೆಸಿ. ಮೆಟ್ಟಿಲು ಹತ್ತುವಾಗ ಒಳ್ಳೆಯ ಕಾಲು ಮೊದಲು, ಇಳಿಯುವಾಗ ನೋವಿನ ಕಾಲು ಮೊದಲು.

ಇದರಿಂದ ನೋವು ಎಷ್ಟು ಇಳಿಯುತ್ತದೆಂದು ಮೊದಲೇ ಹೇಳಲಾಗದು. ಮಾರನೇ ದಿನ ನೋವು ಹೆಚ್ಚಿದ್ದರೆ ವ್ಯಾಯಾಮವನ್ನು ಅರ್ಧಕ್ಕೆ ಇಳಿಸಿ. ಮೀನಖಂಡ ಊದಿ ನೋಯುತ್ತಿದ್ದರೆ ಅಥವಾ ಎದೆನೋವು, ಉಸಿರಾಟದ ಕಷ್ಟ ಕಂಡರೆ ನಿಲ್ಲಿಸಿ, ತಕ್ಷಣ ಆಸ್ಪತ್ರೆಗೆ ಕರೆದುಕೊಂಡು ಹೋಗಿ.