ಜುಲೈಯಲ್ಲಿ ಅಪ್ಪ ಅಮ್ಮನೊಂದಿಗೆ ಮಸಾಯಿ ಮಾರಾ ಸಫಾರಿ: ಯಾವ ಎಡವಟ್ಟುಗಳಿಗೆ ಸಿದ್ಧರಾಗಿರಬೇಕು?

ಅಷ್ಟು ದೂರ ಹೋಗಿ ಪ್ರಾಣಿಗಳೇ ಕಾಣಿಸದಿದ್ದರೆ ಎಂದು ಕೇಳಿದ್ದೀರಿ. ಆ ಚಿಂತೆ ಬಿಡಿ. ಕಬಿನಿಯಲ್ಲಿ ಹುಲಿಗಾಗಿ ಕಾದು ಬರಿಗೈಯಲ್ಲಿ ಮರಳಿದವರಿಗೆ ಈ ಅನುಮಾನ ಬರುವುದು ಸಹಜ. ಕೆನ್ಯಾದ ಈ ಮಾರಾ ಬಯಲು ಸೀಮೆ. ಸುಮಾರು 1,500 ಚದರ ಕಿಲೋಮೀಟರ್ ಹುಲ್ಲುಗಾವಲಿನಲ್ಲಿ ಆನೆ, ಜಿರಾಫೆಗಳು ಮೈಲು ದೂರದಿಂದಲೇ ಕಣ್ಣಿಗೆ ಬೀಳುತ್ತವೆ. ಅಲ್ಲಿ ನೋಟ ಕೆಡುವುದು ಹೆಚ್ಚಾಗಿ ವಾಹನದಲ್ಲಿ ಕುಳಿತವರ ಆತುರದಿಂದ.

ನಾನು ಕಂಡದ್ದನ್ನು ಹೇಳುತ್ತೇನೆ. ಜುಲೈಯಿಂದ ಅಕ್ಟೋಬರ್‌ವರೆಗೆ ಪಕ್ಕದ ತಾಂಜಾನಿಯಾದ ಸೆರೆಂಗೆಟಿ ಬಯಲಿನ ಕಡೆಯಿಂದ ವಿಲ್ಡೆಬೀಸ್ಟ್ ಎಂಬ ದನದಂಥ ದೊಡ್ಡ ಹುಲ್ಲೆಗಳ ಹಿಂಡುಗಳು ಮೇವು ಅರಸಿ ಬಂದು ಮಾರಾ ನದಿಯನ್ನು ದಾಟುತ್ತವೆ. ನಾವು ಬೆಳಗಿನಿಂದ ದಡಕ್ಕೆ ದೂರದಲ್ಲಿ ಎಂಜಿನ್ ಆರಿಸಿ ಕಾದಿದ್ದೆವು. ಮಧ್ಯಾಹ್ನದ ಹೊತ್ತಿಗೆ ಆಚೆ ದಡದಲ್ಲಿ ಹಿಂಡು ದಟ್ಟವಾಯಿತು. ಹಿಂದಿನವು ನೂಕುತ್ತಿದ್ದವು, ಮುಂದಿನವು ಕಾಲೂರಿ ನಿಂತು ನೀರನ್ನೇ ನೋಡುತ್ತಿದ್ದವು. ಕೊನೆಗೆ ಒಂದು ಜೀಬ್ರಾ ಮಣ್ಣಿನ ಇಳಿಜಾರಿನಲ್ಲಿ ಜಾರುತ್ತಾ ಇಳಿದು ನೀರಿಗೆ ಮೂತಿ ತಾಗಿಸಿತು. ಅದರ ಬೆನ್ನಿಗೆ ಮೂರ್ನಾಲ್ಕು ವಿಲ್ಡೆಬೀಸ್ಟ್‌ಗಳು ಇಳಿದವು. ಅಷ್ಟರಲ್ಲಿ ಈಚೆ ದಡದ ಒಂದು ವ್ಯಾನ್ ಫೋಟೊಗಾಗಿ ಅಂಚಿಗೇ ನುಗ್ಗಿತು. ಅದನ್ನು ನೋಡಿ ಉಳಿದವರೂ ನುಗ್ಗಿದರು. ಜೀಬ್ರಾ ತಲೆಯೆತ್ತಿ ಒರಟಾಗಿ ಒಮ್ಮೆ ಕೂಗಿ ಹಿಂದಕ್ಕೆ ಏರಿತು. ಇಡೀ ಹಿಂಡು ಧೂಳೆಬ್ಬಿಸಿ ಬಯಲಿಗೆ ಓಡಿತು. ಆ ದಿನ ಅವು ದಾಟಲೇ ಇಲ್ಲ. ನೆನೆದರೆ ಇವತ್ತಿಗೂ ಸಿಟ್ಟು ಬರುತ್ತದೆ. ಮೊಸಳೆಗಳಿರುವ ಹೊಳೆಯನ್ನು ದಾಟಿ ಬರುವ ಪ್ರಾಣಿಗೆ ದಡ ಹತ್ತಲು ಸಲೀಸಾದ ಜಾಗ ಬೇಕು. ಅಲ್ಲಿಯೇ ವಾಹನಗಳು ಅಡ್ಡ ನಿಂತರೆ ಅದು ಕಡಿದಾದ ದಡಕ್ಕೆ ಬಡಿದು ಒದ್ದಾಡಬೇಕಾಗುತ್ತದೆ.

ಚೀತಾಗಳ ಪಾಡು ಇನ್ನೂ ಕಷ್ಟದ್ದು. ಅವು ಹಗಲಲ್ಲೇ ಹೆಚ್ಚು ಬೇಟೆಯಾಡುತ್ತವೆ, ನಾವು ತಿರುಗಾಡುವುದೂ ಹಗಲಲ್ಲೇ. ಮಾರಾದಲ್ಲಿ ನಡೆದು 2018ರಲ್ಲಿ ಪ್ರಕಟವಾದ ಅಧ್ಯಯನವೊಂದರ ಪ್ರಕಾರ, ಪ್ರವಾಸಿಗರು ವಿರಳವಾಗಿರುವ ಜಾಗದಲ್ಲಿ ತಾಯಿ ಚೀತಾ ಸರಾಸರಿ ಎರಡಕ್ಕೂ ಹೆಚ್ಚು ಮರಿಗಳನ್ನು ಬೆಳೆಸಿ ದಡ ಸೇರಿಸಿದರೆ, ಪ್ರವಾಸಿಗರು ಕಿಕ್ಕಿರಿಯುವ ಜಾಗದಲ್ಲಿ ಆ ಸರಾಸರಿ 0.2ರಷ್ಟು ಮಾತ್ರ. ಒಂದು ಪ್ರಾಣಿಯ ಬಳಿ ಒಮ್ಮೆಗೆ ಐದೇ ವಾಹನಗಳು, ಕನಿಷ್ಠ 25 ಮೀಟರ್ ಅಂತರ ಎಂಬ ನಿಯಮ ಅಲ್ಲಿದೆ. ಆದರೆ ಚಾಲಕರ ರೇಡಿಯೊದಲ್ಲಿ ಸುದ್ದಿ ಹರಿದೊಡನೆ ಇಪ್ಪತ್ತು ವಾಹನಗಳು ಬಂದು ಮುತ್ತುತ್ತವೆ. ಬಹುತೇಕ ಚಾಲಕರು ನಿಯಮ ಮುರಿಯುವುದು ಟಿಪ್ಸ್ ಕೊಡುವ ಅತಿಥಿ ಮುನಿಸಿಕೊಂಡಾನೆಂಬ ಅಳುಕಿನಿಂದ. ಆದ್ದರಿಂದ ಮೊದಲ ದಿನವೇ ನಿಮ್ಮ ಚಾಲಕರಿಗೆ ಬಾಯಿಬಿಟ್ಟು ಹೇಳಿ: ನಮಗೆ ಹತ್ತಿರ ಹೋಗಬೇಕಿಲ್ಲ, ಒಂದೇ ಕಡೆ ಹೆಚ್ಚು ಹೊತ್ತು ನಿಲ್ಲಿಸಿ. ಒಳ್ಳೆಯ ಬೈನಾಕ್ಯುಲರ್ ಒಯ್ಯಿರಿ. ನಿಂತಲ್ಲೇ ನೋಡಲು ಎಷ್ಟೊಂದಿದೆ! ಹುತ್ತದ ಮೇಲೆ ನಿಂತ ಟೋಪಿ ಎಂಬ ಹುಲ್ಲೆ ಒಂದೇ ದಿಕ್ಕಿಗೆ ಕಣ್ಣು ನೆಟ್ಟಿದ್ದರೆ ಆ ದಿಕ್ಕಿನ ಹುಲ್ಲಿನಲ್ಲಿ ಸಿಂಹ ಇರಬಹುದು. ರಣಹದ್ದುಗಳು ಒಂದರ ಹಿಂದೊಂದು ಇಳಿಯುತ್ತಿದ್ದರೆ ಅಲ್ಲೊಂದು ಬೇಟೆ ಮುಗಿದಿರಬಹುದು.

ಮಳೆಯ ಎಡವಟ್ಟಿಗೂ ಸಿದ್ಧರಾಗಿರಿ. ಜುಲೈ ಒಣ ತಿಂಗಳೆಂದು ಹೇಳಿದರೂ ಮಧ್ಯಾಹ್ನದ ಮೇಲೆ ದಿಢೀರನೆ ಸುರಿಯುವುದುಂಟು. ಮಾರಾದ ಹಲವೆಡೆ ಗದಗ, ಧಾರವಾಡ ಕಡೆಯಂಥದೇ ಎರೆಮಣ್ಣು. ನೆನೆದ ಎರೆಯಲ್ಲಿ ಚಕ್ರ ಹೂತರೆ ಏನಾಗುತ್ತದೆಂದು ನಮ್ಮವರಿಗೆ ಹೇಳಿಕೊಡಬೇಕಿಲ್ಲ. ನಾವು ಸಿಕ್ಕಿಕೊಂಡಾಗ ಬೇರೊಂದು ಲ್ಯಾಂಡ್‌ಕ್ರೂಸರ್ ಬಂದು ಹಗ್ಗ ಹಾಕಿ ಎಳೆಯಬೇಕಾಯಿತು. ಅಲ್ಲಿಯವರೆಗೆ ಚಾಲಕರು ಯಾರನ್ನೂ ಕೆಳಗಿಳಿಯಲು ಬಿಡಲಿಲ್ಲ. ಅದೇ ಸರಿಯಾದ ಕ್ರಮ. ಚಪ್ಪಟೆ ಬಯಲು ಖಾಲಿ ಕಂಡರೂ ಹುಲ್ಲಿನಲ್ಲಿ ಮಲಗಿದ ಸಿಂಹ ಕಣ್ಣಿಗೆ ಬೀಳುವುದಿಲ್ಲ. ಕುಡಿಯುವ ನೀರು, ಒಂದಿಷ್ಟು ತಿಂಡಿ, ಅಪ್ಪ ಅಮ್ಮನ ಮಾತ್ರೆಗಳು ಯಾವಾಗಲೂ ವಾಹನದಲ್ಲೇ ಇರಲಿ.

ಹೆತ್ತವರ ವಿಷಯದಲ್ಲಿ ಎಲ್ಲಕ್ಕಿಂತ ಮೊದಲು ನೋಡಬೇಕಾದದ್ದು ಹಳದಿ ಜ್ವರದ ಲಸಿಕೆ. ಕೆನ್ಯಾದಿಂದ ಮರಳುವವರ ಬಳಿ ಅದರ ಪ್ರಮಾಣಪತ್ರ ಇಲ್ಲದಿದ್ದರೆ ನಮ್ಮ ವಿಮಾನ ನಿಲ್ದಾಣದಲ್ಲೇ ತಡೆದು ಆರು ದಿನಗಳವರೆಗೆ ಪ್ರತ್ಯೇಕವಾಗಿ ಇರಿಸಬಹುದು. ಸರ್ಕಾರದ ಮಾನ್ಯತೆ ಇರುವ ಕೇಂದ್ರಗಳಲ್ಲೇ ಹಾಕಿಸಬೇಕು, ಪ್ರಮಾಣಪತ್ರ ಊರ್ಜಿತವಾಗುವುದು ಹತ್ತು ದಿನಗಳ ನಂತರ. 60 ದಾಟಿದವರಿಗೆ ಈ ಲಸಿಕೆಯಿಂದ ತೊಂದರೆಯಾಗುವ ಸಂಭವ ಸ್ವಲ್ಪ ಹೆಚ್ಚು. ಹಾಗಾಗಿ ಟಿಕೆಟ್ ಕಾಯ್ದಿರಿಸುವ ಮುನ್ನವೇ ವೈದ್ಯರನ್ನು ಕೇಳಿ.

ನೈರೋಬಿಯಿಂದ ನಾರೊಕ್ ಮಾರ್ಗವಾಗಿ ರಸ್ತೆಯಲ್ಲಿ ಐದಾರು ಗಂಟೆ ಹಿಡಿಯುತ್ತದೆ. ಬೆನ್ನುನೋವಿನವರಿಗೆ ವಿಲ್ಸನ್ ವಿಮಾನ ನಿಲ್ದಾಣದಿಂದ ಹೊರಡುವ ಪುಟ್ಟ ವಿಮಾನವೇ ಮೇಲು. ಆದರೆ ತಲಾ 15 ಕಿಲೊ ಸಾಮಾನು ಮಾತ್ರ, ಅದೂ ಮೆತ್ತನೆಯ ಚೀಲದಲ್ಲಿ. ಗಟ್ಟಿ ಸೂಟ್‌ಕೇಸ್ ಒಯ್ದು ನಿಲ್ದಾಣದಲ್ಲಿ ಪರದಾಡಿದವರನ್ನು ನೋಡಿದ್ದೇನೆ. ಆಫ್ರಿಕಾ ಎಂದರೆ ಸೆಕೆ ಎಂದುಕೊಂಡು ಸ್ವೆಟರ್ ಬಿಟ್ಟು ಹೋಗಬೇಡಿ, ತೆರೆದ ವಾಹನದಲ್ಲಿ ಬೆಳಗಿನ ಗಾಳಿ ಕೊರೆಯುತ್ತದೆ.

ಖರ್ಚಿನ ಬಗ್ಗೆ ಕೊನೆಯದಾಗಿ ಒಂದು ಮಾತು. 2024ರಿಂದ ಜುಲೈ–ಡಿಸೆಂಬರ್ ಅವಧಿಗೆ ವಿದೇಶಿ ವಯಸ್ಕರ ಪ್ರವೇಶ ಶುಲ್ಕ ದಿನಕ್ಕೆ 200 ಡಾಲರ್ ಆಗಿದೆ. ಹಣ ಉಳಿಸಬೇಕಿದ್ದರೆ ವಸತಿಯಲ್ಲಿ ಉಳಿಸಿ, ವಾಹನ ಮಾತ್ರ ನಿಮ್ಮದೇ ಕುಟುಂಬಕ್ಕೆ ಪ್ರತ್ಯೇಕವಾಗಿರಲಿ. ಹಂಚಿಕೊಂಡ ವ್ಯಾನ್‌ನಲ್ಲಿ ಎಲ್ಲಿ ನಿಲ್ಲಬೇಕು, ಎಷ್ಟು ಹೊತ್ತು ಕಾಯಬೇಕು ಎಂಬುದು ನಿಮ್ಮ ಕೈಯಲ್ಲಿರುವುದಿಲ್ಲ, ಅಮ್ಮನಿಗೆ ಶೌಚಾಲಯಕ್ಕೆ ಹೋಗಬೇಕೆಂದರೂ ಹತ್ತು ಜನರ ಮುಖ ನೋಡಬೇಕು.